ಕೋರ್ಟಿಲ್ಲದ ಊರಿನ ಕಟಕಟೆ

2025ರ ಏಪ್ರಿಲ್ 21, ಸೋಮವಾರ. ಬೆಂಗಳೂರಿನ ಅಕ್ಕನ ಮನೆಯಲ್ಲಿ ಉಳಿದುಕೊಂಡಿದ್ದೆ. ಬೆಳಿಗ್ಗೆ ಆರೂಕಾಲಿಗೇ ಹಾಲ್‌ನಲ್ಲಿ ದೀಪ ಉರಿಯುವುದು ಕಂಡು, ಯಾರಿಗೋ ಮೈ ಹುಷಾರಿಲ್ಲವೇನೋ ಎಂದು ಎದ್ದು ಬಂದೆ. ಅಕ್ಕನ ಮಗ, ಸೊಸೆ ಇಬ್ಬರೂ ಸ್ನಾನ ಮುಗಿಸಿ, ಆಫೀಸಿನ ಬ್ಯಾಗು ಪಕ್ಕದಲ್ಲಿಟ್ಟುಕೊಂಡು ಟಿವಿ ಮುಂದೆ ಕೂತಿದ್ದರು. "ಮಾವ, ಇನ್ನೊಂದು ಗಂಟೆ ಯಾರೂ ಮೊಬೈಲ್ ನೋಡೋ ಹಾಗಿಲ್ಲ" ಎಂದು ಅಳಿಯ ಅಪ್ಪಣೆ ಹೊರಡಿಸಿದ. ಎಚ್‌ಬಿಒದ ‘ದಿ ಲಾಸ್ಟ್ ಆಫ್ ಅಸ್’ ಸರಣಿಯ ಎರಡನೇ ಸೀಸನ್‌ನ ಎರಡನೇ ಕಂತು ಬರುವುದಿತ್ತು. ಅಮೆರಿಕದ ಪೂರ್ವ ತೀರದಲ್ಲಿ ಭಾನುವಾರ ರಾತ್ರಿ ಒಂಬತ್ತು ಗಂಟೆ ಎಂದರೆ ನಮಗೆ ಸೋಮವಾರ ಬೆಳಗಿನ ಆರೂವರೆ.

ಸ್ವಲ್ಪ ಹೊತ್ತಿನ ಮೇಲೆ ನೋಡುತ್ತೇನೆ, ಅಳಿಯ ಟಿವಿಯನ್ನೇ ನೋಡುತ್ತಿಲ್ಲ. ಓರೆಯಾಗಿ ಕೂತು ಹೆಂಡತಿಯ ಮುಖ ನೋಡುತ್ತಿದ್ದಾನೆ. ತೆರೆಯ ಮೇಲೆ ಒಬ್ಬಳು ಹುಡುಗಿ ಗಾಲ್ಫ್ ಕೋಲು ಕೈಗೆತ್ತಿಕೊಂಡಳು. ಅಡುಗೆಮನೆಯಲ್ಲಿ ಕುಕ್ಕರ್ ಮೂರು ಸಲ ಕೂಗಿತು, ನಾಲ್ಕು ಕೂಗಿತು, ಐದು ಕೂಗಿತು. "ಯಾರಾದ್ರೂ ಗ್ಯಾಸ್ ಆರಿಸ್ರೋ" ಎಂದು ದೇವರಮನೆಯಿಂದ ಅಕ್ಕ ಕೂಗಿದಳು. ಯಾರೂ ಏಳಲಿಲ್ಲ. ಕಡೆಗೆ ಸೊಸೆ ತೆರೆಯಿಂದ ಕಣ್ಣು ಕಿತ್ತು ಗಂಡನ ಕಡೆ ತಿರುಗಿ, "ನಿಂಗೆ ಗೊತ್ತಿತ್ತಾ?" ಅಂದಳು. "ಐದು ವರ್ಷದಿಂದ" ಅಂದ ಅಳಿಯ. ಆ ಸೀಸನ್‌ನ ಮೊದಲ ದೊಡ್ಡ ಜಗಳ ನನ್ನ ಕಣ್ಣೆದುರೇ ಶುರುವಾಯಿತು.

ಸರಣಿ ನೋಡದವರಿಗೆ ಕತೆಯ ಎಳೆ ಇಷ್ಟು. ಕಾರ್ಡಿಸೆಪ್ಸ್ ಎಂಬ ಶಿಲೀಂಧ್ರ 2003ರಲ್ಲಿ ಮನುಷ್ಯರ ಮಿದುಳಿಗೆ ಹತ್ತಿ, ಒಂದೆರಡು ದಿನಗಳಲ್ಲಿ ಲೋಕದ ವ್ಯವಸ್ಥೆಯೆಲ್ಲ ಮಗುಚಿ ಬೀಳುತ್ತದೆ. ಶಿಲೀಂಧ್ರ ಪೂರ್ತಿ ಕಟ್ಟುಕತೆಯಲ್ಲ. ಈ ಬಗೆಯದೊಂದು ಇರುವೆಯ ದೇಹಕ್ಕೆ ಸೇರಿ, ಅದನ್ನು ಗಿಡ ಹತ್ತಿಸಿ, ಎಲೆ ಕಚ್ಚಿಸಿ, ಸತ್ತ ಇರುವೆಯ ತಲೆಯಿಂದ ಮೊಳಕೆಯೊಡೆದು ಹೊರಬರುತ್ತದೆ. ಹಿಮಾಲಯದಲ್ಲಿ ‘ಕೀಡಾ ಜಡಿ’ ಎಂದು ಚಿನ್ನದ ಬೆಲೆಗೆ ಮಾರುವುದೂ ಇದರ ಬಳಗದ್ದೇ. ಕತೆಯಲ್ಲಿ ಟೆಕ್ಸಾಸ್‌ನ ಕಟ್ಟಡ ಕೆಲಸದ ಜೋಯಲ್ ಮೊದಲ ರಾತ್ರಿಯೇ ಮಗಳನ್ನು ಕಳೆದುಕೊಳ್ಳುತ್ತಾನೆ. ಕೊಂದದ್ದು ರೋಗಿಯಲ್ಲ, ಆಜ್ಞೆ ಪಾಲಿಸಿದ ಸೈನಿಕ. ಇಪ್ಪತ್ತು ವರ್ಷ ಕಳೆದ ಮೇಲೆ ಅವನಿಗೊಂದು ಕೆಲಸ ಬರುತ್ತದೆ: ರೋಗ ತಾಗದ ಹದಿನಾಲ್ಕರ ಹುಡುಗಿ ಎಲಿಯನ್ನು ದೇಶದ ಆ ಕಡೆಯ ಆಸ್ಪತ್ರೆಗೆ ತಲುಪಿಸಬೇಕು. ಅವಳಿಂದ ಮದ್ದು ಮಾಡುತ್ತಾರಂತೆ. ದಾರಿಯುದ್ದಕ್ಕೂ ಇಬ್ಬರೂ ಅಪ್ಪ-ಮಗಳಾಗುತ್ತಾರೆ. ಆಸ್ಪತ್ರೆ ಮುಟ್ಟಿದ ಮೇಲೆ ಗೊತ್ತಾಗುತ್ತದೆ, ಮದ್ದಿಗೆ ಬೇಕಾದದ್ದು ಹುಡುಗಿಯ ಮಿದುಳು. ತೆಗೆದರೆ ಅವಳು ಬದುಕುವುದಿಲ್ಲ. ಜೋಯಲ್ ಅಡ್ಡ ಬಂದವರನ್ನೆಲ್ಲ ಕೊಂದು, ಆಪರೇಷನ್ ಕೋಣೆಯ ವೈದ್ಯನನ್ನೂ ಕೊಂದು, ಪ್ರಜ್ಞೆಯಿಲ್ಲದ ಎಲಿಯನ್ನು ಎತ್ತಿಕೊಂಡು ಹೊರಬರುತ್ತಾನೆ. ಅವಳು ಕೇಳಿದಾಗ, ನಿನ್ನಂಥವರು ಎಷ್ಟೋ ಮಂದಿ ಇದ್ದರಂತೆ, ಮದ್ದು ಹುಡುಕುವುದನ್ನೇ ಅವರು ಬಿಟ್ಟಿದ್ದಾರೆ ಎಂದು ಸುಳ್ಳು ಹೇಳುತ್ತಾನೆ. 2023ರ ಮಾರ್ಚ್ 12ರಂದು ಮೊದಲ ಸೀಸನ್ ಅಲ್ಲಿಗೆ ನಿಂತಿತು.

ಅಲ್ಲಿಂದ ಎರಡು ವರ್ಷ ಅಭಿಮಾನಿಗಳು ಎಳೆದಾಡಿದ್ದು ಒಂದೇ ಪ್ರಶ್ನೆಯನ್ನು: ಅವನು ಮಾಡಿದ್ದು ಸರಿಯಾ? ಹಾಗೆ ನೋಡಿದರೆ ಜಗಳ ಅದಕ್ಕಿಂತ ಹಳೆಯದು. ಸರಣಿಗೆ ಮೂಲವಾದ ವಿಡಿಯೋ ಗೇಮ್ ಬಂದದ್ದು 2013ರ ಜೂನ್‌ನಲ್ಲಿ. ವಾದ ಶುರುವಾದದ್ದೂ ಆಗಲೇ. ಎಲಿಗೆ ಪ್ರಜ್ಞೆ ತಪ್ಪಿಸಿದ್ದರು, ಅವಳ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲವಲ್ಲ ಎನ್ನುವುದು ಒಂದು ಪಕ್ಷ. ಕೇಳಿದ್ದರೆ ಅವಳು ಒಪ್ಪುತ್ತಿದ್ದಳು, ಅದು ಗೊತ್ತಿದ್ದೇ ಅಲ್ಲವೇ ಅವನು ಸುಳ್ಳು ಹೇಳಿದ್ದು ಎನ್ನುವುದು ಎದುರು ಪಕ್ಷ. ಇರುವುದೊಂದೇ ಆಪರೇಷನ್ ಕೋಣೆ, ಒಬ್ಬನೇ ಸರ್ಜನ್, ಲಸಿಕೆ ಆದರೂ ಅದನ್ನು ಊರೂರಿಗೆ ಸಾಗಿಸುವವರು ಯಾರು ಎಂದು ವೈದ್ಯಕೀಯ ಓದಿದವರು ನಡುವೆ ಬಾಯಿ ಹಾಕುತ್ತಾರೆ. ಮಕ್ಕಳಿರುವವರು ಈ ಯಾವ ತರ್ಕಕ್ಕೂ ಕಾಯುವುದಿಲ್ಲ. "ನನ್ನ ಮಗಳಾಗಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ" ಎಂದು ಎದ್ದುಬಿಡುತ್ತಾರೆ.

ಸೀರಿಯಲ್ ನೋಡಿ ಜಗಳವಾಡುವುದು ನಮಗೇನೂ ಹೊಸದಲ್ಲ. ‘ಮಾಯಾಮೃಗ’ದ ಕಾಲದಲ್ಲಿ ಮರುದಿನದ ಆಫೀಸು, ಬಸ್ಸು, ನಲ್ಲಿಕಟ್ಟೆ ಎಲ್ಲ ಕಡೆ ಅದೇ ಮಾತು. ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳಲ್ಲಿ ಕೋರ್ಟು ದೃಶ್ಯ ಬಂದರಂತೂ ಮನೆಮಂದಿಯೆಲ್ಲ ಕೈಕೆಲಸ ಬಿಟ್ಟು ಕೂರುತ್ತಿದ್ದರು. ಆದರೆ ಅಲ್ಲಿ ಕತೆಯೊಳಗೇ ವಕೀಲನಿದ್ದ, ನ್ಯಾಯಾಧೀಶನಿದ್ದ. ನಾವು ಏನೇ ಹೇಳಿದರೂ ತೀರ್ಪು ಕೊಡುವುದು ಅವರ ಕೆಲಸ. ಪೊಲೀಸ್ ಕತೆಯಲ್ಲೂ ಹೀಗೇ. ಕೊಲೆಗಾರ ಕೊನೆಗೆ ಸಿಕ್ಕಿಬೀಳುತ್ತಾನೆ, ನಾವು ಟಿವಿ ಆರಿಸಿ ಮಲಗುತ್ತೇವೆ.

ಪ್ರಳಯದ ಆಚೆಗಿನ ಕತೆಯಲ್ಲಿ ಈ ಅನುಕೂಲವಿಲ್ಲ. ಸರ್ಕಾರ, ಠಾಣೆ, ಕೋರ್ಟು, ಪತ್ರಿಕೆ ಯಾವುದೂ ಉಳಿದಿಲ್ಲ. ಜೋಯಲ್ ಒಂದಿಡೀ ಆಸ್ಪತ್ರೆಯನ್ನು ಹೆಣದ ಮನೆ ಮಾಡಿ ಹೊರಬಂದರೆ ಎಫ್‌ಐಆರ್ ಹಾಕುವವರು ಯಾರು? ಕತೆಯೊಳಗೆ ಕೇಳುವವರಿಲ್ಲದ್ದರಿಂದ ಆ ಕೇಸು ತೆರೆ ದಾಟಿ ನಮ್ಮ ಸೋಫಾದ ಮೇಲೆ ಬಂದು ಕೂರುತ್ತದೆ. ಸಾಕ್ಷಿ ನೋಡಿದವರೂ ನಾವೇ, ಕೂಡಿ ತೂಗಬೇಕಾದವರೂ ನಾವೇ. ಈ ಜಾತಿಯ ಸರಣಿಗಳ ಬಗ್ಗೆ ಜನ ವಾರಗಟ್ಟಲೆ ಮಾತಾಡುವುದಕ್ಕೆ ಜೊಂಬಿಗಳು ಕಾರಣ ಎಂದು ನನಗನ್ನಿಸುವುದಿಲ್ಲ.

ಈ ಕೋರ್ಟಿನಲ್ಲಿ ಕೂತವರಲ್ಲೂ ಎರಡು ಬಗೆ: ಗೇಮ್ ಆಡಿದವರು, ಆಡದವರು. ಆಡದವರಿಗೆ ಜೋಯಲ್ ಒಬ್ಬ ಆರೋಪಿ. ಆಡಿದವರಿಗೆ ಅವನು ಅದಕ್ಕಿಂತ ಹತ್ತಿರದವನು, ಯಾಕೆಂದರೆ ಆಸ್ಪತ್ರೆಯಲ್ಲಿ ಆ ಸರ್ಜನ್‌ನನ್ನು ಕೊಂದದ್ದು ಅವರ ಕೈಯೇ. ಗುಂಡಿ ಒತ್ತದೆ ಹೋದರೆ ಗೇಮ್ ಮುಂದೆ ಹೋಗುವುದಿಲ್ಲ. "ಒತ್ತದೆ ಸುಮ್ಮನೆ ನಿಂತು ನೋಡಿದೆ ಮಾವ, ಏನಾದರೂ ಬೇರೆ ದಾರಿ ಕೊಡ್ತಾರೇನೋ ಅಂತ. ಕೊಡಲಿಲ್ಲ" ಎಂದ ಅಳಿಯ. ಅವನ ದನಿಯಲ್ಲಿ ಹಳೆಯ ಸಹ ಆರೋಪಿಯ ಸಂಕಟವಿತ್ತು.

2020ರ ಜೂನ್ 19ರಂದು ಗೇಮ್‌ನ ಎರಡನೇ ಭಾಗ ಬಂತು. ಆಸ್ಪತ್ರೆಯಲ್ಲಿ ಸತ್ತ ಸರ್ಜನ್‌ಗೆ ಒಬ್ಬಳು ಮಗಳಿದ್ದಳು; ಹೆಸರು ಆ್ಯಬಿ. ವರ್ಷಗಟ್ಟಲೆ ಹುಡುಕಿ, ಗೆಳೆಯರೊಂದಿಗೆ ಬಂದು, ಅವಳು ಜೋಯಲ್‌ನನ್ನು ಹೊಡೆದು ಕೊಲ್ಲುತ್ತಾಳೆ. ಅದೂ ಎಲಿಯನ್ನು ನೆಲಕ್ಕೊತ್ತಿ ಹಿಡಿದು, ಅವಳ ಕಣ್ಣ ಮುಂದೆ. ಗೇಮ್ ಬಿಡುಗಡೆಗೆ ಎರಡು ತಿಂಗಳ ಮುಂಚೆಯೇ ಈ ದೃಶ್ಯ ಸೋರಿಹೋಗಿ ದೊಡ್ಡ ರಂಪವಾಗಿತ್ತು. ಆಮೇಲೂ ಮೂರೇ ದಿನದಲ್ಲಿ 40 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾದವು. ಅಂದರೆ 2025ರ ಆ ಸೋಮವಾರ ಬೆಳಿಗ್ಗೆ ಲೋಕದಲ್ಲಿ ಲಕ್ಷಾಂತರ ಜನಕ್ಕೆ ಸರಣಿಯಲ್ಲಿ ಪೆದ್ರೊ ಪಾಸ್ಕಲ್ ನಟಿಸಿದ ಜೋಯಲ್ ಸಾಯುವವನಿದ್ದಾನೆ ಎಂದು ಗೊತ್ತಿತ್ತು. ಅವರೆಲ್ಲ ಐದು ವರ್ಷ ಬಾಯಿ ಹೊಲಿದುಕೊಂಡು, ನಮ್ಮ ಅಳಿಯನ ಹಾಗೆ ಪಕ್ಕದವರ ಮುಖ ನೋಡಲು ಕಾದಿದ್ದರು.

ಕತೆ ಗೊತ್ತಿದ್ದೂ ನೋಡುವುದೇನು ಎಂದು ಕೇಳುವವರು ಕರಾವಳಿಯ ಒಂದು ತಾಳಮದ್ದಳೆಗೆ ಹೋಗಿ ಬರಬೇಕು. ‘ವಾಲಿಮೋಕ್ಷ’ಕ್ಕೆ ಕೂತವರಲ್ಲಿ ವಾಲಿ ಬದುಕುತ್ತಾನೆ ಎಂದುಕೊಂಡು ಬಂದವನು ಒಬ್ಬನೂ ಇರುವುದಿಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಧರ್ಮವೇ ಎಂದು ವಾಲಿ ಕೇಳಬೇಕು, ರಾಮ ಉತ್ತರ ಕೊಡಬೇಕು. ಸಾವು ನಿಗದಿಯಾಗಿದೆ, ತೀರ್ಪು ಮಾತ್ರ ಪ್ರತಿ ರಾತ್ರಿ ಹೊಸದು. ಮುಗಿಸಿ ಬಂದವರು ಹೋಟೆಲಿನಲ್ಲಿ ಚಹಾ ಕುಡಿಯುತ್ತ "ಇವತ್ತು ವಾಲಿಯದೇ ಮೇಲುಗೈ" ಎನ್ನುವುದುಂಟು. ಆ್ಯಬಿ ಜೋಯಲ್‌ನನ್ನು ಕೊಲ್ಲುವುದು ಅವನು ರೋಗಿಗಳ ಹಿಂಡಿನಿಂದ ಅವಳನ್ನು ಬಿಡಿಸಿದ ಸ್ವಲ್ಪ ಹೊತ್ತಿಗೇ. ಇದನ್ನು ಯಾವ ಧರ್ಮದ ಲೆಕ್ಕಕ್ಕೆ ಹಾಕುವುದು ಎಂಬ ಪ್ರಶ್ನೆ, ಕೊನೆ ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಒಂದೇ ತೂಕದ್ದು.

ಆದರೆ ಸರಣಿ ಮಾಡಿದ ಕ್ರೇಗ್ ಮೇಜಿನ್ ಮತ್ತು ನೀಲ್ ಡ್ರಕ್‌ಮನ್ ಸಾಕ್ಷಿಯ ಸರದಿಯನ್ನು ಬದಲಿಸಿದರು. ಗೇಮ್‌ನಲ್ಲಿ ಆ್ಯಬಿ ಯಾರು, ಯಾಕೆ ಕೊಂದಳು ಎಂಬುದು ತುಂಬಾ ಹೊತ್ತು ತಿಳಿಯುವುದಿಲ್ಲ. ಮೊದಲು ಅವಳನ್ನು ಸಾಕಷ್ಟು ದ್ವೇಷಿಸುತ್ತೀರಿ. ಆಮೇಲೆ ಅರ್ಧ ಗೇಮನ್ನು ಅವಳಾಗಿಯೇ ಆಡಬೇಕಾಗುತ್ತದೆ. ಅವಳ ಕಾಲಲ್ಲಿ ನಡೆದು ಅವಳ ಕಣ್ಣಲ್ಲಿ ನೋಡಬೇಕಾಗುತ್ತದೆ. ಟಿವಿ ನೋಡುವವನ ಕೈಯಲ್ಲಿ ಕಂಟ್ರೋಲರ್ ಇಲ್ಲ, ಇರುವುದು ರಿಮೋಟು. ಅದರಿಂದ ಬಲವಂತವಾಗಿ ಯಾರ ಮೈಯೊಳಗೂ ಹೊಗಿಸಲಾಗದು. ಹಾಗಾಗಿ ಎರಡನೇ ಸೀಸನ್ ಶುರುವಾಗುವುದೇ ಹೊಸ ಗೋರಿಗಳ ಮುಂದೆ ನಿಂತ ಆ್ಯಬಿಯಿಂದ. ಅವಳ ದುಃಖ ಮೊದಲು, ಅವಳ ಕೋಲು ಆಮೇಲೆ. ಇದು ಒಳ್ಳೆಯದಾಯಿತೇ ಕೆಟ್ಟದ್ದಾಯಿತೇ ಎಂಬುದೇ ಆ ವಾರದ ದೊಡ್ಡ ಚರ್ಚೆ. ಸೊಸೆ ಹೇಳಿದಳು: "ನಂಗೆ ಅವಳ ಮೇಲೆ ಸಿಟ್ಟು ಬಂತು, ಆದ್ರೆ ಪೂರ್ತಿ ಬರಲಿಲ್ಲ." ಅಳಿಯ: "ಪೂರ್ತಿ ಬರಬೇಕಿತ್ತು ಕಣೆ. ಆಮೇಲೆ ಅದಕ್ಕೆ ನಾಚಿಕೆಪಡಬೇಕಿತ್ತು." ಒಂದು ಕತೆಯನ್ನು ಎರಡು ಮಾಧ್ಯಮ ಹೇಗೆ ಹೇಳುತ್ತವೆ ಎಂಬುದನ್ನು ಇದಕ್ಕಿಂತ ಚಿಕ್ಕದಾಗಿ ನಾನು ಎಲ್ಲೂ ಕೇಳಿಲ್ಲ.

ಎಲ್ಲ ಪ್ರಶ್ನೆಯೂ ಇಷ್ಟು ಕಾಲ ಬಾಳುವುದಿಲ್ಲ. ಇದೇ ಜಾತಿಯ ‘ದಿ ವಾಕಿಂಗ್ ಡೆಡ್’ ಅದಕ್ಕೆ ಸಾಕ್ಷಿ. 2010ರಲ್ಲಿ ಶುರುವಾಗಿ 177 ಕಂತು ನಡೆದ ಆ ಸರಣಿ ಒಂದು ಕಾಲಕ್ಕೆ ಅಮೆರಿಕದ ಮನೆಮಾತಾಗಿತ್ತು. 2016ರ ಏಪ್ರಿಲ್ 3ರಂದು ಆರನೇ ಸೀಸನ್ ಮುಗಿದಾಗ, ನೀಗನ್ ಎಂಬ ಖಳ ಮುಳ್ಳುತಂತಿ ಸುತ್ತಿದ ಬೇಸ್‌ಬಾಲ್ ಬ್ಯಾಟು ಹಿಡಿದು ಸಾಲಾಗಿ ಮಂಡಿಯೂರಿದ ಹನ್ನೊಂದು ಜನರ ಮುಂದೆ ಎಣಿಸುತ್ತ ಓಡಾಡುತ್ತಾನೆ. ಬ್ಯಾಟು ಬೀಸುತ್ತದೆ. ಯಾರ ಮೇಲೆ ಎಂದು ತೋರಿಸದೆ ತೆರೆ ಕಪ್ಪಾಗುತ್ತದೆ. ಆರು ತಿಂಗಳಿಗೂ ಹೆಚ್ಚು ಕಾಲ ಅಭಿಮಾನಿಗಳು ಆ ದೃಶ್ಯದ ಸದ್ದನ್ನು ಮತ್ತೆ ಮತ್ತೆ ಕೇಳಿ, ಎಣಿಕೆಯ ಸರದಿ ಲೆಕ್ಕ ಹಾಕಿ, ಮೂಲ ಕಾಮಿಕ್‌ನ ನೂರನೇ ಸಂಚಿಕೆ ತಿರುವಿಹಾಕಿ ಪತ್ತೇದಾರಿಕೆ ನಡೆಸಿದರು. ಅಕ್ಟೋಬರ್ 23ರಂದು ಉತ್ತರ ಬಂತು: ಮೊದಲು ಏಬ್ರಹಾಂ, ಆಮೇಲೆ ಎಲ್ಲರ ಮೆಚ್ಚಿನ ಗ್ಲೆನ್. ಅಂದು ಅಮೆರಿಕದಲ್ಲಿ ನೋಡಿದವರು ಸುಮಾರು 1.7 ಕೋಟಿ. ಅದೇ ಸೀಸನ್‌ನ ಕೊನೆಯ ಕಂತಿನ ಹೊತ್ತಿಗೆ ಅದು 1.13 ಕೋಟಿಗೆ ಇಳಿದಿತ್ತು.

ಆ ಕಂತಿನ ಕ್ರೌರ್ಯಕ್ಕೇ ಜನ ಹಿಂಜರಿದರು ಎಂದು ಹೇಳುವುದುಂಟು, ಅದೂ ನಿಜವೇ. ಆದರೆ ಅಲ್ಲಿ ಕೇಳಿದ್ದ ಪ್ರಶ್ನೆ ‘ಯಾರು?’ ಎಂಬುದು. ಅದು ಒಗಟು. ಬಿಡಿಸಿದ ಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಜೊತೆಗೆ, ನಮ್ಮನ್ನು ಆರು ತಿಂಗಳು ಬೇಕೆಂದೇ ಕಾಯಿಸಿದರಲ್ಲ ಎಂಬ ಕಹಿ. ‘ಸರಿಯಾ?’ ಎಂಬ ಪ್ರಶ್ನೆಯನ್ನು ಮುಂದಿನ ಕಂತು ಬಂದು ತೀರಿಸಲಾರದು. ಜೋಯಲ್ ಸತ್ತ ಮೇಲೆ ಅವನ ಕೇಸು ಮುಚ್ಚಲಿಲ್ಲ; ಅದರ ಪಕ್ಕದಲ್ಲಿ ಆ್ಯಬಿಯದೊಂದು ತೆರೆಯಿತು.

ಇಂಥ ವಾದಕ್ಕೆ ಬೇಕಾದ ಇನ್ನೊಂದು ವಸ್ತು ಕಾಲಾವಕಾಶ. 2013ರಲ್ಲಿ ನೆಟ್‌ಫ್ಲಿಕ್ಸ್ ‘ಹೌಸ್ ಆಫ್ ಕಾರ್ಡ್ಸ್’ನ ಹದಿಮೂರು ಕಂತುಗಳನ್ನು ಒಂದೇ ದಿನ ಸುರಿದ ಮೇಲೆ, ರಾತ್ರಿಯೆಲ್ಲ ಕೂತು ಮುಗಿಸುವ ಚಟ ಬಂತು. ನೀನು ಆರನೆಯದರಲ್ಲಿ, ನಾನು ಮೂರನೆಯದರಲ್ಲಿ, ಇನ್ನು ಮಾತಾಡುವುದು ಎಲ್ಲಿ? ಎಚ್‌ಬಿಒ ಭಾನುವಾರಕ್ಕೊಂದರ ಪದ್ಧತಿ ಬಿಡಲಿಲ್ಲ. ವಾರಪತ್ರಿಕೆಯಲ್ಲಿ ಕಾದಂಬರಿಯ ಕಂತು ಓದಿ ಬೆಳೆದವರಿಗೆ ಇದರ ರುಚಿ ಗೊತ್ತು. ನಡುವಿನ ಆರು ದಿನ ಕತೆ ಲೇಖಕರ ಕೈಯಲ್ಲಿರುತ್ತಿರಲಿಲ್ಲ, ನಮ್ಮ ಬಾಯಲ್ಲಿರುತ್ತಿತ್ತು. ಈ ಆರು ದಿನದ ಬೆಲೆ ಟಿವಿಯವರಿಗೂ ತಿಳಿದಿದೆ. ‘ವಾಕಿಂಗ್ ಡೆಡ್’ ಮುಗಿದ ಕೂಡಲೇ ಅದೇ ವಾಹಿನಿಯಲ್ಲಿ ‘ಟಾಕಿಂಗ್ ಡೆಡ್’ ಎಂಬ ಹರಟೆ ಬರುತ್ತಿತ್ತು. 2011ರಿಂದ ನಡೆದ ಅದರಲ್ಲಿ ಆ ದಿನ ಸತ್ತ ಪಾತ್ರಗಳಿಗೆ, ಜೊಂಬಿಗಳನ್ನೂ ಬಿಡದೆ, ಶ್ರದ್ಧಾಂಜಲಿ ಸಲ್ಲಿಸುವ ಭಾಗವೂ ಇತ್ತು. ‘ದಿ ಲಾಸ್ಟ್ ಆಫ್ ಅಸ್’ಗೆ ಅಧಿಕೃತ ಪಾಡ್‌ಕಾಸ್ಟ್ ಇದೆ; ಅದರ ನಿರೂಪಕ ಗೇಮ್‌ನಲ್ಲಿ ಜೋಯಲ್‌ಗೆ ದನಿ ಕೊಟ್ಟ ಟ್ರಾಯ್ ಬೇಕರ್. ಸತ್ತವನೇ ಕೂತು ತನ್ನ ಸಾವಿನ ಬಗ್ಗೆ ಪ್ರಶ್ನೆ ಕೇಳುವ ಭಾಗ್ಯ ಯಾವ ಕೋರ್ಟಿನಲ್ಲಿದೆ?

ಕಟಕಟೆಯ ಸುತ್ತ ಕೂತವರು ಕೆಲವೊಮ್ಮೆ ಕಲ್ಲೂ ಎತ್ತಿಕೊಳ್ಳುತ್ತಾರೆ. 2020ರಲ್ಲಿ ಗೇಮ್ ಬಂದ ಎರಡೇ ವಾರಕ್ಕೆ, ಆ್ಯಬಿಗೆ ದನಿ ಕೊಟ್ಟ ಲಾರಾ ಬೇಲಿಗೆ ಕೊಲೆ ಬೆದರಿಕೆಗಳು ಬಂದವು. ಅವರು ಅವನ್ನು ಬಹಿರಂಗಪಡಿಸಿದರು. ಆ ನೆನಪಿನಿಂದಲೇ, ಸರಣಿಯಲ್ಲಿ ಆ್ಯಬಿಯಾದ ಕೇಟ್ಲಿನ್ ಡೆವರ್‌ಗೆ ಚಿತ್ರೀಕರಣದ ವೇಳೆ ಹೆಚ್ಚಿನ ಭದ್ರತೆ ಒದಗಿಸಬೇಕಾಯಿತು. ಗೇಮ್‌ನ ಆ್ಯಬಿಯ ಹಾಗೆ ಇವರ ತೋಳು ದಪ್ಪವಿಲ್ಲ ಎಂಬ ಕೊಂಕೂ ಕೇಳಿತು. ಕಲ್ಪನೆಯ ಒಬ್ಬನನ್ನು ವಿಚಾರಣೆಯಿಲ್ಲದೆ ಕೊಂದಳೆಂಬ ಸಿಟ್ಟಿಗೆ, ಏನೂ ಮಾಡದ ನಿಜವಾದ ಹೆಂಗಸೊಬ್ಬಳಿಗೆ ವಿಚಾರಣೆಯಿಲ್ಲದೆ ಶಿಕ್ಷೆ. ತಾವು ಯಾರನ್ನು ದ್ವೇಷಿಸುತ್ತಿದ್ದೇವೋ ಅವಳ ಕೋಲನ್ನೇ ಹಿಡಿದುಕೊಂಡಿದ್ದೇವೆ ಎಂಬುದು ಅವರಿಗೆ ಹೊಳೆದಿರಲಾರದು.

ಇದಕ್ಕೆ ಎದುರಾಗಿ ಸರಣಿ ಮುಂದಿನ ವಾರವೇ ಒಂದು ಚಿತ್ರ ಇಟ್ಟಿತು. ಏಪ್ರಿಲ್ 27ರ ಮೂರನೇ ಕಂತು. ಜೋಯಲ್ ಸತ್ತು ಮೂರು ತಿಂಗಳಾಗಿದೆ. ಜೋಯಲ್ ಮತ್ತು ಎಲಿ ನೆಲೆನಿಂತಿದ್ದ ಜಾಕ್ಸನ್ ಎಂಬ ಊರು ಅದೇ ದಿನ ರೋಗಿಗಳ ಹಿಂಡಿನ ದಾಳಿಗೂ ಸಿಕ್ಕಿ, ಈಗ ಗೋಡೆ, ಸೂರು ರಿಪೇರಿ ಮಾಡಿಕೊಳ್ಳುತ್ತಿದೆ. ಕೊಂದವರು ಸಿಯಾಟಲ್‌ನಲ್ಲಿದ್ದಾರೆ; ಹದಿನಾರು ಜನರನ್ನು ಕೊಡಿ, ಹೋಗಿ ಬರುತ್ತೇವೆ ಎಂದು ಎಲಿ ಕೇಳುತ್ತಾಳೆ. ಅದಕ್ಕೆ ಊರಿನವರು ಸಭೆ ಸೇರುತ್ತಾರೆ. ಒಬ್ಬೊಬ್ಬರೇ ಎದ್ದು ಮಾತಾಡುತ್ತಾರೆ: ಸತ್ತವರು ಸಾಕು ಎನ್ನುವವರು, ಬೆಳೆ ಕೆಲಸವಿದೆ ಎನ್ನುವವರು. ಹಿಂದೊಮ್ಮೆ ಎಲಿಯನ್ನು ಎಲ್ಲರೆದುರು ಹೀನಾಯವಾಗಿ ಬೈದ ಮುದುಕನೇ ಅಂದು ಅವಳ ಪರ ನಿಲ್ಲುತ್ತಾನೆ. ಕೊನೆಗೆ ಸಮಿತಿ ಮತ ಹಾಕುತ್ತದೆ, ಎಲಿ ಸೋಲುತ್ತಾಳೆ.

ಗೇಮ್‌ನಲ್ಲಿ ಈ ಸಭೆ ಇಲ್ಲ. ಅಭಿಮಾನಿಗಳಲ್ಲಿ ಹಲವರಿಗೆ ಇದು ಎಳೆದ ದೃಶ್ಯ ಅನ್ನಿಸಿತು. "ಜೊಂಬಿ ಸೀರಿಯಲ್‌ನಲ್ಲಿ ಗ್ರಾಮಸಭೆ ಯಾರು ಕೇಳಿದ್ರು?" ಎಂದ ನಮ್ಮ ಅಳಿಯ. ನನಗೆ ಮಾತ್ರ ಆ ಇಡೀ ಪಾಳುಲೋಕದಲ್ಲಿ ಅದೊಂದೇ ಹೊಸ ಸಂಗತಿ ಅನ್ನಿಸಿತು. ಜೋಯಲ್ ಆಸ್ಪತ್ರೆಯಲ್ಲಿ ಯಾರನ್ನೂ ಕೇಳಲಿಲ್ಲ, ಸರ್ಜನ್ ಎಲಿಯನ್ನು ಕೇಳಲಿಲ್ಲ, ಆ್ಯಬಿ ಕೇಳಲಿಲ್ಲ. ಬೆಂಚುಗಳ ಮೇಲೆ ಕೂತು, ಕೈಯೆತ್ತಿ, ಸರದಿಗೆ ಕಾದು ಮಾತಾಡಿದವರು ಈ ಊರಿನವರೇ. ಅವರು ಮಾಡಿದ್ದು, ನಾವು ಎರಡು ವರ್ಷದಿಂದ ಸೋಫಾದ ಮೇಲೆ ಮಾಡುತ್ತ ಬಂದದ್ದನ್ನೇ. ಸೋತ ಎಲಿ ಸುಮ್ಮನಿರಲಿಲ್ಲ ಎನ್ನುವುದು ಬೇರೆ ಮಾತು. ಗೆಳತಿ ಡೀನಾ ಜೊತೆ ಕುದುರೆ ಹತ್ತಿ ಹೊರಟೇಬಿಟ್ಟಳು.

ಅವಳು ಹೊರಡುವ ಮೊದಲೇ, ಸಭೆಯ ದೃಶ್ಯಕ್ಕೆ ಸೊಸೆ ಟಿವಿಯನ್ನು ತಡೆದು ನಿಲ್ಲಿಸಿದಳು. ಮನೆಯಲ್ಲೂ ಮತ ಆಗಲಿ ಎಂದಳು. ಅಳಿಯ ಹೋಗಲಿ ಅಂದ. ಅವಳು ಬೇಡ ಅಂದಳು. ನಾನು ಅಂಕಣಕಾರ, ಎರಡೂ ಕಡೆ ಸ್ವಲ್ಪ ಸ್ವಲ್ಪ ಹೇಳಿ ಇಬ್ಬರಿಂದಲೂ ಬೈಸಿಕೊಂಡೆ. ಆ ದಿನ ಗ್ಯಾಸ್ ಮೊದಲೇ ಆರಿಸಿ, ಕೈಯೊರೆಸಿಕೊಳ್ಳುತ್ತ ಬಂದು ನಿಂತಿದ್ದ ಅಕ್ಕ ಕೇಳಿದಳು: "ಆ ಎಲ್ಲಿ ಅನ್ನೋ ಹುಡುಗಿ ಎಲ್ಲಿಗೆ ಹೋಗ್ಬೇಕಂತೆ?"

"ಸಿಯಾಟಲ್‌ಗೆ ಅಮ್ಮ. ಕುದುರೆ ಮೇಲೆ. ಸಾವಿರ ಕಿಲೋಮೀಟರ್‌ಗೂ ಹೆಚ್ಚು ಇರಬಹುದು."

ಅಕ್ಕ ನಿಂತುಹೋಗಿದ್ದ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದಳು. "ಬೇಡ ಅಂದ್ರೆ ಕೇಳೋ ಮುಖ ಅಲ್ಲ ಅದು" ಅಂದಳು. "ಹೋಗೋದು ಹೋಗ್ತಾಳೆ. ಬುತ್ತಿ ಕಟ್ಟಿ ಕಳ್ಸಿ ಅಂತ ಯಾರಾದ್ರೂ ಹೇಳಿದ್ರಾ ಆ ಸಭೇಲಿ?"